ಮೂರನೆಯ ದಿನದ ಪಾಠ

ಹೊಸಪೇಟೆಯ ತರಬೇತಿ ಕೇಂದ್ರದಲ್ಲಿ ಪಾಲಯ್ಯ ಹನ್ನೊಂದು ವರ್ಷದಿಂದ ರೈತರಿಗೆ ಪಾಠ ಹೇಳುತ್ತಿದ್ದ. ಬೀಜಕ್ಕೆ ಔಷಧಿ ಹಚ್ಚುವುದು, ಗೊಬ್ಬರದ ಗುಂಡಿ ತೋಡುವುದು, ಭತ್ತದ ಬೆಂಕಿರೋಗ, ಇವೆಲ್ಲ ಅವನಿಗೆ ಬಾಯಿಪಾಠವಾಗಿದ್ದವು. ೧೯೮೪ರ ಜೂನಿನಲ್ಲಿ ಮೇಲಿನ ಕಚೇರಿಯಿಂದ ಬಂದ ಕಾಗದ ಮಾತ್ರ ನಾಲ್ಕು ಸಲ ಓದಿದರೂ ತಲೆಗೆ ಹೋಗಲಿಲ್ಲ.

ಒಂದೇ ಕಾಲುವೆಯ ಮೇಲೆ ದುಡಿಯುವ ನೀರಾವರಿಯವರು, ಬೇಸಾಯದವರು, ಆರೋಗ್ಯದವರು ಮತ್ತು ರೈತರು ಎಲ್ಲರೂ ಕೂಡಿ ಕಲಿಯುವ ಮೂರು ದಿನದ ತರಬೇತಿಯೊಂದನ್ನು ಅವನು ರೂಪಿಸಬೇಕಾಗಿತ್ತು. ಕಂಪ್ಲಿಯಿಂದಾಚೆ ಎಮ್ಮಿಗನೂರು ಕಡೆಯ ಒಂದು ಉಪಕಾಲುವೆಯನ್ನು ಕಚೇರಿಯವರೇ ಆರಿಸಿದ್ದರು. ಕಾಗದದ ಕೊನೆಯಲ್ಲಿ ಒಂದು ಸಾಲಿತ್ತು: 'ಇಲ್ಲಿ ಒಬ್ಬರು ಇನ್ನೊಬ್ಬರಿಗೆ ಕಲಿಸುವುದಲ್ಲ, ಯಾರ ಬಳಿಯೂ ಪೂರ್ತಿಯಾಗಿ ಇಲ್ಲದ ತಿಳಿವನ್ನು ಎಲ್ಲರೂ ಸೇರಿ ಕಂಡುಕೊಳ್ಳುವುದು.'

ಪಾಲಯ್ಯ ರೂಢಿಯಂತೆ ಉದ್ದನೆಯ ಹಾಳೆಯಲ್ಲಿ ಗೆರೆ ಎಳೆದು ವೇಳಾಪಟ್ಟಿ ಬರೆಯಲು ಕುಳಿತ. ಸಮಯ, ವಿಷಯ, ಪಾಠ ಹೇಳುವವರು. ಮೂರನೆಯ ಅಂಕಣದ ಹತ್ತಿರ ಪೆನ್ನು ನಿಂತಿತು. ಯಾರ ಬಳಿಯೂ ಇಲ್ಲದ್ದನ್ನು ಯಾರು ಹೇಳುವುದು? ಸಂಬಂಧಪಟ್ಟವರನ್ನೇ ಕೇಳೋಣವೆಂದು ಬಸ್ಸು ಹತ್ತಿದ.

ಆ ಕಾಲುವೆಯ ಎಂಜಿನಿಯರ್ ಸುಂಕಪ್ಪ ಮರಿಯಮ್ಮನಹಳ್ಳಿ ಕಡೆಯವನು, ಇನ್ನೂ ಮೂವತ್ತು ದಾಟದವನು. "ನನಗೊಂದು ತಾಸು ಕೊಡ್ರಿ. ಎಷ್ಟು ನೀರು, ಎಷ್ಟು ಎಕರೆ, ಬೋರ್ಡಿನ ಮ್ಯಾಲ ಬರದು ತೋರಸ್ತೀನಿ. ರೈತರು ಕೇಳ್ಲಿ" ಎಂದ. ಆರೋಗ್ಯ ಕೇಂದ್ರದ ನರ್ಸ್ ಹುಸೇನಮ್ಮ ಊರೂರು ತಿರುಗಿ ಚಳಿಜ್ವರದವರ ರಕ್ತ ತೆಗೆಯುವವಳು. ಅವಳು ಕೇಳಿಸಿಕೊಂಡು ನಕ್ಕಳು.

"ನಾ ಅವರಿಗೆ ಸೊಳ್ಳಿ ಪಾಠ ಹೇಳೋದು, ಸುಂಕಪ್ಪ ಸರ್ ನನಗ ನೀರಿನ ಪಾಠ ಹೇಳೋದು. ಮೂರು ದಿನ ಚಾ ಕುಡದು ಎಲ್ಲಾರೂ ತಂತಮ್ಮ ಜಾಗಕ್ಕ ಹೋಗೋದು. ಅಷ್ಟಾ ಅಲ್ರೀ?"

"ಹಂಗಲ್ಲ ನರ್ಸಮ್ಮ. ಕೂಡಿ ಕಲೀಬೇಕು ಅಂತ ಬರದಾರ."

"ಹೆಂಗ ಅಂತ ಬರದಾರೇನು?"

ಅದನ್ನು ಬರೆದಿರಲಿಲ್ಲ.

ಕಾಲುವೆಯ ಅರ್ಧದಲ್ಲಿ ಒಂದು ತೂಬಿತ್ತು. ಅದರ ಕಬ್ಬಿಣದ ಹಲಗೆ ಇಳಿಸಿದರೆ ನೀರು ಅಲ್ಲೇ ಉಬ್ಬಿ, ಕಾಲುವೆಯ ಮಣ್ಣಿನ ದಂಡೆಯಾದ ಏರಿಯಲ್ಲಿ ಹೂತ ಪೈಪುಗಳ ಮೂಲಕ ಮೇಲಿನ ಹೊಲಗಳಿಗೆ ಹೋಗುತ್ತಿತ್ತು. ಹಲಗೆ ಎತ್ತಿದರೆ ಕೆಳಗಿನವರಿಗೆ. ಎತ್ತುವುದು ಇಳಿಸುವುದು ಕಾಲುವೆ ಕಾಯುವ ಲಸ್ಕರ್ ಗವಿಸಿದ್ದಪ್ಪನ ಕೆಲಸ. ಪಾಲಯ್ಯ ಹೋದಾಗ ಅವನು ತೂಬಿನ ಕಟ್ಟೆಯ ಮೇಲೆ ಕುಳಿತು, ಹಲಗೆ ತಿರುಗಿಸುವ ಹ್ಯಾಂಡಲ್ಲನ್ನು ಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದ.

"ನಾ ಬಂದು ಕುರ್ಚಿ ಮ್ಯಾಲ ಕುಂತ್ರ ಇದನ್ನ ಯಾರು ನೋಡ್ತಾರ್ರಿ?" ಎಂದ.

"ಮೂರು ದಿನ ಹಗಲೊತ್ತು ಬ್ಯಾರೆಯವರನ್ನ ಹಾಕ್ತಾರಂತ. ನೀನೂ ಬರಬೇಕು ಗವಿಸಿದ್ದಪ್ಪ. ನಿನ್ನಷ್ಟು ಈ ನೀರು ನೋಡಿದವರು ಯಾರದಾರ?"

"ನೋಡೀನ್ರಿ, ಹದಿನಾರು ವರ್ಷ. ದಿನಗೂಲಿ ಮ್ಯಾಲ." ಅವನು ಬಟ್ಟೆಯನ್ನು ಮಡಚಿಟ್ಟ. "ಈ ಸಲ ಕಾಯಂ ಮಾಡೋ ಪಟ್ಟಿಗೆ ನನ್ನ ಹೆಸರು ಹೋಗೈತಿ. ದಸರಾ ಹೊತ್ತಿಗೆ ಬರ್ತದಂತ. ಅಲ್ಲೀತನ ಒಂದು ಕಪ್ಪು ಚುಕ್ಕಿ ಬರಬಾರ್ದು ಅಂತ ಸುಂಕಪ್ಪ ಸಾಹೇಬ್ರು ಹೇಳ್ಯಾರ. ಸಾಹೇಬ್ರ ಚೀಟಿ ಇಲ್ದ ಹಲಗಿ ಮುಟ್ಟಂಗಿಲ್ಲ. ನನಗಿಂತ ಮೊದ್ಲು ಇದ್ದಾವ ಬಾಯಿಮಾತಿನ ಮ್ಯಾಲ ಒಮ್ಮಿ ಎತ್ತಿದ. ಮನಿಗೆ ಕಳಿಸಿದ್ರು."

"ತರಬೇತ್ಯಾಗ ಹಲಗಿ ಮುಟ್ಟೋದೇನಿಲ್ಲ. ಬರೀ ಮಾತು."

"ಬರೀ ಮಾತಾದ್ರ ಬರ್ತೀನ್ರಿ."

ಹೊಸಪೇಟೆಗೆ ಹಿಂತಿರುಗುವ ಬಸ್ಸಿನಲ್ಲಿ ಪಾಲಯ್ಯನಿಗೆ ಒಂದು ಉಪಾಯ ಹೊಳೆಯಿತು. ಯಾರೂ ತಮ್ಮ ಪಾಠ ಹೇಳುವುದು ಬೇಡ. ಎರಡನೆಯ ದಿನ ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂರಲಿ. ಎಂಜಿನಿಯರ್ ಲಸ್ಕರ್ ಆಗಲಿ, ಮೇಲಿನ ರೈತ ಕೆಳಗಿನವನಾಗಲಿ. ಹಾಗೆ ಕೂತು ನೀರು ಹಂಚಲಿ. ಇದು ಸರಿಯೋ ಹುಡುಗಾಟವೋ ಅವನಿಗೆ ಗೊತ್ತಾಗಲಿಲ್ಲ. ಬೇರೆ ಏನೂ ತೋಚದ್ದರಿಂದ ಅದನ್ನೇ ಬರೆದು ಕಳಿಸಿದ. ಒಪ್ಪಿಗೆ ಬಂತು.

ಆಗಸ್ಟಿನ ಒಂದು ಮಂಗಳವಾರ ತರಬೇತಿ ಶುರುವಾಯಿತು. ಕಾಲುವೆಯ ಹತ್ತಿರದ ಊರಿನ ಸಹಕಾರಿ ಸಂಘದ ಗೋದಾಮನ್ನು ಗುಡಿಸಿ ಜಮಖಾನ ಹಾಸಿದ್ದರು. ಮೇಲಿನ ರೈತರು ಹತ್ತು ಮಂದಿ, ಕೆಳಗಿನವರು ಹತ್ತು ಮಂದಿ ಬಂದರು. ಮೇಲಿನವರಿಗೆ ಮುಂದಾಳು ಗುಡ್ಡಪ್ಪ. ಬಾಳೆ, ಕಬ್ಬು ಇದ್ದವನು, ದನಿ ದೊಡ್ಡದು. ಕೆಳಗಿನವರ ಪರ ಮಾತಾಡುವವಳು ನಿಂಗಕ್ಕ. ಗಂಡ ಇದ್ದ, ಆದರೆ ನೀರಿನ ಜಗಳಕ್ಕೆ ಅವನು ಬರುತ್ತಿರಲಿಲ್ಲ. "ಅಕಿ ಹೋದ್ರ ಎರಡು ಮಾತಿಗೆ ಮುಗೀತದ, ನಾ ಹೋದ್ರ ಬಡಿದಾಟ ಆಗ್ತದ" ಎನ್ನುತ್ತಿದ್ದ.

ಮೊದಲ ದಿನ ಎಲ್ಲರೂ ತಂತಮ್ಮ ಗುಂಪಿನಲ್ಲೇ ಕುಳಿತರು. ಸುಂಕಪ್ಪ ಬೇಡವೆಂದರೂ ಬೋರ್ಡಿನ ಮೇಲೆ ಲೆಕ್ಕ ಬರೆದ. ಯಾರೂ ಏನೂ ಕೇಳಲಿಲ್ಲ. ಸಂಜೆ ಪಾಲಯ್ಯ ಕಂಪ್ಲಿಯ ಲಾಡ್ಜಿನಲ್ಲಿ ಕುಳಿತು ಇವತ್ತು ಏನು ನಡೆಯಿತೆಂದು ಬರೆಯಹೋದ. ಏನೂ ನಡೆದಿರಲಿಲ್ಲ.

ಬುಧವಾರ ಬೆಳಿಗ್ಗೆ ರಟ್ಟಿನ ಚೀಟಿಗಳ ಮೇಲೆ 'ಎಂಜಿನಿಯರ್', 'ಲಸ್ಕರ್', 'ಮೇಲಿನ ರೈತ', 'ಕೆಳಗಿನ ರೈತ' ಎಂದು ಬರೆದು ಎಲ್ಲರ ಅಂಗಿಗೆ, ಸೆರಗಿಗೆ ಪಿನ್ನು ಹಾಕಿದ. ಗವಿಸಿದ್ದಪ್ಪ ಎಂಜಿನಿಯರ್ ಆದ. ಸುಂಕಪ್ಪ ಲಸ್ಕರ್. ಗುಡ್ಡಪ್ಪ ಕೆಳಗಿನ ರೈತ, ನಿಂಗಕ್ಕ ಮೇಲಿನವಳು. ಗವಿಸಿದ್ದಪ್ಪ ಕುರ್ಚಿಯ ಅಂಚಿನಲ್ಲಿ ಕುಳಿತ. ಸುಂಕಪ್ಪ ಅವನ ಕಾಲ ಬಳಿ ಜಮಖಾನದ ಮೇಲೆ ಕೂರಬೇಕಾಯಿತು. ಜನ ಬಾಯಿ ಮುಚ್ಚಿಕೊಂಡು ನಕ್ಕರು.

ಮೊದಲು ಮಾತು ಎತ್ತಿದವಳು ನಿಂಗಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುಡ್ಡಪ್ಪನ ದನಿಯನ್ನೇ ತಂದುಕೊಂಡಳು.

"ಏನಲೇ, ನೀರು ಬೇಕಂತ ಬಂದೇನು? ಮ್ಯಾಲ ನನ್ನ ಬಾಳಿ ನಿಂತೈತಿ. ಅದು ಕುಡದು ಬಿಟ್ಟದ್ದು ನಿಮಗ ಬರ್ತದ. ಬರ್ಲಿಲ್ಲಂದ್ರ ಕಾಲುವಿ ತೋಡಿದವರನ್ನ ಕೇಳ್ರಿ, ನನ್ನ ಯಾಕ ಕೇಳ್ತೀರಿ?"

"ನಾ ಯಾವಾಗ ಹಂಗಂದೆ?" ಗುಡ್ಡಪ್ಪ ಕೆರಳಿದ.

"ನೀನು ಈಗ ಕೆಳಗಿನಾವ ಯಣ್ಣಾ. ಕೆಳಗಿನವರ ಹಂಗ ಮಾತಾಡು. ಮೊದ್ಲು ಕೈ ಕಟ್ಟು."

ಗೋದಾಮು ನಗೆಯಿಂದ ತುಂಬಿತು. ಗುಡ್ಡಪ್ಪ ನಗುತ್ತಲೇ ಕೈ ಕಟ್ಟಿದ. "ಯಕ್ಕಾ, ನನ್ನ ಸಸಿಗೆ ಮೂವತ್ತು ದಿನ ಆತು. ಮಡಿ ಹಳದಿ ಆಗಾಕತ್ತೈತಿ. ಇನ್ನೊಂದು ವಾರ ಹೋದ್ರ ಕಿತ್ತು ನೆಡಾಕ ಬರಂಗಿಲ್ಲ." ಅಷ್ಟು ಹೇಳಿ ತಡೆದ. ಮುಂದಿನ ಮಾತು ಹೇಳುವಾಗ ಅವನ ಮುಖದಲ್ಲಿ ನಗೆ ಇರಲಿಲ್ಲ. "ನಿಮ್ಮ ಬಾಳಿಗೆ ಎರಡು ದಿನ ನೀರಿಲ್ದಿದ್ರ ಏನೂ ಆಗಂಗಿಲ್ಲ ಬಿಡ್ರಿ. ಅದು ನಿಮಗೂ ಗೊತ್ತೈತಿ."

ಯಾರೂ ನಗಲಿಲ್ಲ. ನಿಂಗಕ್ಕ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿದಳು. ಹುಸೇನಮ್ಮ ನಡುವೆ ಬಂದು, ಬಾಳೆಯ ಸಾಲುಗಳಲ್ಲಿ ಸದಾ ನೀರು ನಿಂತ ಊರಿನಲ್ಲೇ ತನಗೆ ಜ್ವರದವರು ಹೆಚ್ಚು ಸಿಗುತ್ತಾರೆಂದು ಹೇಳಿದಳು. ಅದು ಮೇಲಿನವರ ಊರೇ ಆಗಿತ್ತು. ಮಾತು ಊಟದ ಹೊತ್ತಿನವರೆಗೆ ನಡೆಯಿತು. ರೊಟ್ಟಿ, ಪಲ್ಯ, ಅನ್ನ ತಿಂದು ಬಂದವರು ಮತ್ತೆ ಅದೇ ಜಾಗದಲ್ಲಿ, ಅದೇ ರಟ್ಟಿನ ಚೀಟಿ ತೊಟ್ಟು ಕುಳಿತರು. ಬೆಳಗಿನಿಂದ ಸುಮ್ಮನಿದ್ದ ಗವಿಸಿದ್ದಪ್ಪ ಗಂಟಲು ಸರಿಮಾಡಿಕೊಂಡ.

"ನಾಳಿ ಬೇಸ್ತವಾರ. ಮುಂಜಾನಿಯಿಂದ ಶನಿವಾರ ಸಂಜೀತನ ಮ್ಯಾಲಿನವ್ರು ಪೈಪು ಮುಚ್ಚಬೇಕು. ನೀರು ಕೆಳಗ ಹೋಗ್ಬೇಕು. ಐತವಾರದಿಂದ ಮ್ಯಾಲಕ್ಕ. ವಾರಾವಾರ ಹಿಂಗಾ."

ಜಮಖಾನದ ಮೇಲಿದ್ದ ಸುಂಕಪ್ಪ ಕೈ ಮುಗಿದು, "ಆಯ್ತ್ರೀ ಸಾಹೇಬ್ರ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಪಾಲಯ್ಯನಿಗೆ ಬಹಳ ಹಿಗ್ಗಾಯಿತು. ಊಟಕ್ಕೆಂದು ತರಿಸಿ ಮರೆತಿದ್ದ ಎಲೆ ಅಡಿಕೆಯ ತಟ್ಟೆ ಬಾಗಿಲ ಬಳಿ ಇತ್ತು. ತಾನೇ ಎತ್ತಿಕೊಂಡು ಬಂದು ಮೊದಲು ಗುಡ್ಡಪ್ಪನಿಗೆ, ಆಮೇಲೆ ನಿಂಗಕ್ಕನಿಗೆ, ಸುಂಕಪ್ಪನಿಗೆ, ಹಾಗೆ ಸಾಲಾಗಿ ಹಿಡಿದ. ಗುಡ್ಡಪ್ಪ ತಟ್ಟೆಯನ್ನೂ ಪಾಲಯ್ಯನ ಮುಖವನ್ನೂ ನೋಡಿ, ಒಂದು ಗಳಿಗೆ ತಡೆದು ಎಲೆ ತೆಗೆದುಕೊಂಡ. ಮಿಕ್ಕವರೂ ಒಬ್ಬೊಬ್ಬರಾಗಿ ತೆಗೆದುಕೊಂಡರು. ಗೋದಾಮು ಯಾಕೋ ಬಹಳ ಸುಮ್ಮನಾಗಿತ್ತು. ಊಟದ ಮಂಪರು ಎಂದುಕೊಂಡು ಪಾಲಯ್ಯ ಅವತ್ತಿನ ಪಾಠ ಮುಗಿಸಿದ.

ಗುರುವಾರ ಹತ್ತು ಗಂಟೆಯಾದರೂ ಗೋದಾಮಿಗೆ ಒಬ್ಬ ರೈತನೂ ಬರಲಿಲ್ಲ. ಗವಿಸಿದ್ದಪ್ಪನೂ ಇಲ್ಲ. ಸುಂಕಪ್ಪ, ಹುಸೇನಮ್ಮ, ಪಾಲಯ್ಯ ಮೂವರೇ ಜಮಖಾನ ನೋಡುತ್ತ ಕುಳಿತಿದ್ದರು.

"ನಿನ್ನೆ ಯಾರಿಗರ ಬ್ಯಾಸರ ಆತೇನು?" ಪಾಲಯ್ಯ ಕೇಳಿದ.

"ನಿನ್ನಿ ಎಲ್ಲಾರೂ ಖುಷಿಯಿಂದ ಹೋದ್ರು" ಎಂದಳು ಹುಸೇನಮ್ಮ. "ಹೋಗುವಾಗ ಗುಡ್ಡಪ್ಪ ತಮ್ಮ ಮಂದಿಗೆ ಗೋಣಿಚೀಲ ತಗೊಂಡು ಬರಾಕ ಹೇಳಿದ. ಯಾಕಂತ ನಾ ಕೇಳ್ಲಿಲ್ಲ."

ಸುಂಕಪ್ಪ ಚಟ್ಟನೆ ಎದ್ದ. ಮೂವರೂ ಜೀಪು ಹತ್ತಿದರು.

ಕಾಲುವೆಯ ಏರಿಯ ಮೇಲೆ ಜಾತ್ರೆಯಷ್ಟು ಜನ. ಮೇಲಿನ ಭಾಗದ ಪೈಪುಗಳಿಗೆಲ್ಲ ಗೋಣಿಚೀಲ ತುರುಕಿ ಮಣ್ಣು ಮೆತ್ತಿದ್ದರು. ಒಂದರಿಂದಲೂ ಹೊಲಕ್ಕೆ ನೀರು ಹೋಗುತ್ತಿರಲಿಲ್ಲ. ಹೋಗಲು ದಾರಿಯಿಲ್ಲದ ನೀರು ಏರಿಯ ಅಂಚಿಗೆ ಗೇಣು ಬಾಕಿ ಬಂದು ನಿಂತಿತ್ತು. ತೂಬಿನ ಕಟ್ಟೆಯ ಮೇಲೆ ಗವಿಸಿದ್ದಪ್ಪ ಹ್ಯಾಂಡಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಎದುರಿಗೆ ನಿಂಗಕ್ಕ ಮತ್ತು ಅವಳ ಊರಿನವರು ಸಲಿಕೆ ಹಿಡಿದು ನಿಂತಿದ್ದರು.

"ಬಂದ್ರು ನೋಡು ಸಾಹೇಬ್ರು. ಈಗರ ಎತ್ತೋ ಗವಿಸಿದ್ದಣ್ಣ" ಎಂದಳು ನಿಂಗಕ್ಕ.

"ಚೀಟಿ ಇಲ್ಲ ಯಕ್ಕಾ. ಮುಂಜಾನಿಯಿಂದ ಹೇಳಾಕತ್ತೀನಿ."

ಸುಂಕಪ್ಪ ಗುಡ್ಡಪ್ಪನ ಕಡೆ ತಿರುಗಿದ. "ಇದೇನ್ರಿ? ಐತವಾರದ ತನ ನಿಮ್ಮ ಸರದಿ. ಪೈಪು ಯಾಕ ಮುಚ್ಚೀರಿ?"

"ನಿನ್ನಿ ಮಾತಾತಲ್ರಿ."

"ಅದು ಆಟ ಗುಡ್ಡಪ್ಪ! ತರಬೇತಿ!"

"ಆಟ ಆಡಿದ್ವಿ, ಖರೇ. ಆಮ್ಯಾಲ ಎಲಿ ಹಿಡದ್ವಿ." ಗುಡ್ಡಪ್ಪ ಪಾಲಯ್ಯನನ್ನು ತೋರಿಸಿದ. "ಈ ಸಾಹೇಬ್ರಾ ತಟ್ಟಿ ಹಿಡಿದ್ರು. ಮೊದಲು ಬಿಟ್ಟುಕೊಡಾವಗ, ಆಮ್ಯಾಲ ತಗೊಳ್ಳಾಕಿಗೆ. ಹೆಂಗ ಹಿಡೀಬೇಕೋ ಹಂಗಾ ಹಿಡಿದ್ರು."

ಪಾಲಯ್ಯನಿಗೆ ಆಗ ಅರ್ಥವಾಯಿತು. ಈ ಕಾಲುವೆಯ ಊರುಗಳಲ್ಲಿ ನೀರಿನ ಮಾತು ಮುಗಿದ ಮೇಲೆ ಹತ್ತು ಜನರ ಮುಂದೆ ಎಲೆ ಹಿಡಿದರೆ ಆ ಮಾತು ತಿರುಗುವುದಿಲ್ಲ. ಅವನ ಊರು ಗಾದಿಗನೂರು. ಅವನ ಹೊಲ ಮಳೆಯ ಜೋಳದ್ದು. ಅಲ್ಲಿ ಹಂಚಿಕೊಳ್ಳಲು ಕಾಲುವೆಯ ನೀರೇ ಇರಲಿಲ್ಲ. ಎಲೆ ಅಂದರೆ ಅವನಿಗೆ ಊಟವಾದ ಮೇಲಿನ ಎಲೆ.

"ಹಂಗಾದ್ರ ಮತ್ತ ಪೈಪು ತೆಗೀರಿ" ಎಂದ ಸುಂಕಪ್ಪ. "ಏರಿ ಒಡದ್ರ ನಿಮ್ಮ ಬಾಳಿನೇ ಹೋಗ್ತದ."

"ಹೋಗ್ಲಿ ಬಿಡ್ರಿ. ಎಲಿ ಹಿಡದ ಮರುದಿನ ಪೈಪು ತೆಗದ್ರ ನಾ ಈ ಏರಿ ಮ್ಯಾಲ ಅಡ್ಡಾಡಬೇಕೋ ಬ್ಯಾಡೋ? ಹಲಗಿ ಎತ್ತಿಸ್ರಿ, ಮುಗೀತದ."

"ನನಗ ಅಧಿಕಾರ ಇಲ್ಲ. ಸರದಿ ಬದಲು ಮಾಡಬೇಕಂದ್ರ ಮ್ಯಾಲಿನ ಕಚೇರಿಯಿಂದ ಬರಬೇಕು."

"ನಿನ್ನಿ ಆಯ್ತು ಅಂದ್ರೆಲ್ಲ?" ಎಂದಳು ನಿಂಗಕ್ಕ.

"ನಿನ್ನಿ ನಾ ಲಸ್ಕರ್ ಆಗಿ ಅಂದೆ."

"ಅಪ್ಪಣಿ ಕೊಟ್ಟಾವ ಇವ." ಅವಳು ಗವಿಸಿದ್ದಪ್ಪನನ್ನು ತೋರಿಸಿದಳು. "ಇವ ಎಂಜಿನಿಯರ್ ಆಗಿ ಕೊಟ್ಟ, ಇವತ್ತು ಲಸ್ಕರ್ ಆಗಿ ಆಗಲ್ಲಂತಾನ. ನೀವು ಲಸ್ಕರ್ ಆಗಿ ಆಯ್ತಂದ್ರಿ, ಇವತ್ತು ಎಂಜಿನಿಯರ್ ಆಗಿ ಆಗಲ್ಲಂತೀರಿ. ಎಲಿ ಹಿಡಿದಾಗ ಯಾರಾಗಿದ್ರಿ ಸಾಹೇಬ್ರ? ಅದನ್ನರ ಹೇಳ್ರಿ."

ಸುಂಕಪ್ಪ ಪಾಲಯ್ಯನ ಕಡೆ ನೋಡಿದ. ಪಾಲಯ್ಯನೂ ಯೋಚಿಸಿದ. ಎಲೆ ಹಿಡಿಯುವಾಗ ಎಲ್ಲರ ಎದೆಯ ಮೇಲೂ ರಟ್ಟಿನ ಚೀಟಿ ಇತ್ತು. ಆದರೆ ಕೈ ಅವರವೇ. ಇದರಲ್ಲಿ ಯಾವುದು ಲೆಕ್ಕಕ್ಕೆ ಬರುತ್ತದೆ? ನೀರು ಏರಿಯ ಅಂಚಿನ ಹುಲ್ಲನ್ನು ಮುಟ್ಟುತ್ತಿತ್ತು.

"ಒಂದು ಚೀಟಿ ಬರೀರಿ ಸಾಹೇಬ್ರ" ಎಂದ ಗವಿಸಿದ್ದಪ್ಪ, ಎದ್ದು ಹತ್ತಿರ ಬಂದು, ಜನಕ್ಕೆ ಕೇಳದಷ್ಟು ಮೆಲ್ಲಗೆ. "ಆದ್ರ ಟೈಮು ಮುಂಜಾನಿ ಆರು ಗಂಟೆ ಅಂತ ಹಾಕ್ರಿ."

"ಯಾಕ? ಈಗ ಹನ್ನೊಂದು."

"ಆರಕ್ಕ ಬಂದು ನೋಡ್ದೆ. ಆಗ್ಲೇ ನೀರು ಏರಾಕತ್ತಿತ್ತು. ನಾಕು ಬೆರಳು ಎತ್ತೀನ್ರಿ. ಎತ್ತದಿದ್ರ ಏಳಕ್ಕೇ ಏರಿ ಹೋಗ್ತಿತ್ತು. ಎತ್ತಿದ್ದು ಇವರ್ಯಾರಿಗೂ ಗೊತ್ತಿಲ್ಲ, ಹಲಗಿ ನೀರಾಗ ಐತಿ." ಅವನು ಹ್ಯಾಂಡಲ್ಲನ್ನು ಇನ್ನೊಂದು ಕೈಗೆ ಬದಲಿಸಿದ. "ಚೀಟಿ ಇಲ್ದ ಮುಟ್ಟಿಬಿಟ್ಟೆ. ಹದಿನಾರು ವರ್ಷದಾಗ ಮೊದಲ ಸಲ."

ಸುಂಕಪ್ಪ ತೂಬನ್ನು ನೋಡಿದ, ಜನರನ್ನು ನೋಡಿದ. ಪಾಲಯ್ಯನ ಕೈಯಿಂದ ಹಾಳೆ ಕೇಳಿ ಪಡೆದು ಜೀಪಿನ ಮೂತಿಯ ಮೇಲಿಟ್ಟ. ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದ. 'ತರಬೇತಿಯ ಮೂರನೆಯ ದಿನದ ಅಭ್ಯಾಸಕ್ಕಾಗಿ ಶನಿವಾರ ಸಂಜೆಯವರೆಗೆ ಹಲಗೆ ಎತ್ತುವುದು' ಎಂದು ಬರೆದು, ಬೆಳಿಗ್ಗೆ ಆರು ಗಂಟೆ ಎಂದು ಹಾಕಿ ಸಹಿ ಮಾಡಿದ. ಓದಲು ಬಾರದ ಗವಿಸಿದ್ದಪ್ಪ ಹುಸೇನಮ್ಮನಿಂದ ಅದನ್ನು ಎರಡು ಸಲ ಓದಿಸಿ ಕೇಳಿದ. ಆಮೇಲೆ ಹೋಗಿ ಹ್ಯಾಂಡಲ್ ಸಿಕ್ಕಿಸಿ ತಿರುಗಿಸತೊಡಗಿದ. ನೀರು ಗದ್ದಲ ಮಾಡುತ್ತ ಕೆಳಕ್ಕೆ ನುಗ್ಗಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೆಳಗಿನವರು ತಮ್ಮ ಹೊಲಗಳ ಕಡೆ ಓಡಿದರು.

ಹದಿನೈದು ದಿನಕ್ಕೆ ಪಾಲಯ್ಯನಿಗೆ ಕಾಗದ ಬಂತು. ಸರದಿ ತಪ್ಪಿಸಿ ಹಲಗೆ ಎತ್ತಿದ ವಿಚಾರ ಮೇಲಿನ ಕಚೇರಿಗೆ ಹೋಗಿತ್ತು. ಸುಂಕಪ್ಪನ ಚೀಟಿಯನ್ನು ನೋಡಿದ್ದರು. ಕೇಳಿದ್ದು ಒಂದೇ ಪ್ರಶ್ನೆ: ಗುರುವಾರ ಹಲಗೆ ಎತ್ತುವುದು ತಾವು ರೂಪಿಸಿದ ತರಬೇತಿಯ ಭಾಗವಾಗಿತ್ತೇ, ಇಲ್ಲವೇ?

ಅಲ್ಲ ಎಂದರೆ ಚೀಟಿ ಸುಳ್ಳಾಗುತ್ತದೆ. ಚೀಟಿ ಸುಳ್ಳಾದರೆ ಗವಿಸಿದ್ದಪ್ಪ ಬಾಯಿಮಾತಿನ ಮೇಲೆ ಹಲಗೆ ಮುಟ್ಟಿದವನಾಗುತ್ತಾನೆ. ದಸರಾಕ್ಕೆ ಇನ್ನೂ ಒಂದು ತಿಂಗಳಿತ್ತು. ಹೌದು ಎನ್ನೋಣವೆಂದರೆ ಪಾಲಯ್ಯನ ವೇಳಾಪಟ್ಟಿಯಲ್ಲಿ ಗುರುವಾರಕ್ಕೆ 'ಚರ್ಚೆ ಮತ್ತು ಸಮಾರೋಪ' ಎಂದು ಅವನ ಕೈಯಲ್ಲೇ ಬರೆದಿತ್ತು. ಅದರ ಪ್ರತಿಯೂ ಕಚೇರಿಯಲ್ಲಿತ್ತು.

ಅವನು ಹುಸೇನಮ್ಮನನ್ನು ಹುಡುಕಿಕೊಂಡು ಹೋದ. ಅವಳು ಒಂದು ಮನೆಯ ಕಟ್ಟೆಯ ಮೇಲೆ ರಕ್ತ ಸವರಿದ ಗಾಜುಗಳನ್ನು ಜೋಡಿಸಿಡುತ್ತಿದ್ದಳು.

"ಸುಳ್ಳು ಬರೀಲೇನು ನರ್ಸಮ್ಮ?"

"ಯಾವುದು ಸುಳ್ಳು?"

"ಅದು ನಾ ಮಾಡಿದ್ದ ಪಾಠ ಅಲ್ಲ. ನನಗ ಗೊತ್ತಾ ಇರ್ಲಿಲ್ಲ."

"ನೀವು ಮಾಡಿದ್ದಲ್ಲ, ಖರೇ. ಸುಂಕಪ್ಪ ಸರ್ ಮಾಡಿದ್ದೂ ಅಲ್ಲ. ಗುಡ್ಡಪ್ಪಂದೂ ಅಲ್ಲ." ಅವಳು ಗಾಜಿನ ಡಬ್ಬಿಯ ಮುಚ್ಚಳ ಹಾಕಿದಳು. "ಹಂಗಂತ ಪಾಠ ಆಗ್ಲಿಲ್ಲ ಅಂತೀರೇನು? ಎರಡು ವಾರ ಆತು, ಬೇಸ್ತವಾರದಿಂದ ಐತವಾರದ ತನ ಬಾಳಿ ಸಾಲಿನಾಗ ನೀರು ನಿಲ್ಲಾಕತ್ತಿಲ್ಲ. ನನಗಂತೂ ಅಷ್ಟು ಸಾಕು. ಸುಳ್ಳೋ ಖರೇನೋ ನೀವು ಓದಿದವರು ನೋಡ್ಕೊಳ್ರಿ."

ಪಾಲಯ್ಯ ಕೇಂದ್ರಕ್ಕೆ ಬಂದು ಉತ್ತರ ಬರೆದ. 'ಎರಡನೆಯ ದಿನ ಆದ ಒಪ್ಪಂದವನ್ನು ಮೂರನೆಯ ದಿನ ಕಾಲುವೆಯ ಮೇಲೆ ನಡೆಸಿ ನೋಡಲಾಯಿತು. ಇದು ತರಬೇತಿಯ ಭಾಗ. ವೇಳಾಪಟ್ಟಿಯಲ್ಲಿ ಬರೆಯದೆ ಹೋದದ್ದು ನನ್ನ ತಪ್ಪು.' ಬರೆದದ್ದನ್ನು ಒಂದೊಂದೇ ಮಾತಾಗಿ ಓದಿದ. ಒಪ್ಪಂದ ಆದದ್ದು ನಿಜ. ನಡೆಸಿದ್ದು ನಿಜ. ಬರೆಯದೆ ಹೋದದ್ದೂ ನಿಜ. ಎಲ್ಲ ಕೂಡಿಸಿದರೆ ನಿಜವೇ ಎಂದು ಕೇಳಿಕೊಂಡಾಗ ಮಾತ್ರ ತಿಳಿಯಲಿಲ್ಲ. ಸಹಿ ಮಾಡಿ ಟಪಾಲಿಗೆ ಹಾಕಿದ.

ದಸರಾದ ಎಂಟು ದಿನ ಮುಂಚೆ ಪಟ್ಟಿ ಬಂತು. ಗವಿಸಿದ್ದಪ್ಪನ ಹೆಸರು ಅದರಲ್ಲಿತ್ತು. ಪಾಲಯ್ಯನಿಗೆ ವೇಳಾಪಟ್ಟಿಯನ್ನು ಸರಿಯಾಗಿ ಬರೆಯಲು ಎಚ್ಚರಿಕೆಯ ಕಾಗದ ಬಂತು. ಅದರ ಜೊತೆಯಲ್ಲೇ ಇನ್ನೊಂದು ಕಾಲುವೆಯ ಮೇಲೆ ಇದೇ ತರಬೇತಿಯನ್ನು ಇದೇ ಕ್ರಮದಲ್ಲಿ ನಡೆಸಬೇಕೆಂಬ ಆದೇಶವೂ ಬಂತು.

ಸುದ್ದಿ ಹೇಳಲು ಗವಿಸಿದ್ದಪ್ಪ ಹೊಸಪೇಟೆಗೆ ಬಂದಾಗ ಪಾಲಯ್ಯ ಆ ಆದೇಶವನ್ನೇ ಮುಂದಿಟ್ಟುಕೊಂಡಿದ್ದ.

"ಇದೇ ಕ್ರಮ ಅಂತ ಬರದಾರ ಗವಿಸಿದ್ದಪ್ಪ. ಯಾವ ಕ್ರಮ?"

"ಯಾವ ಕಾಲುವಿರಿ ಅದು?"

ಪಾಲಯ್ಯ ಹೇಳಿದ. ಗವಿಸಿದ್ದಪ್ಪ ಇಲ್ಲವೆಂದು ತಲೆಯಾಡಿಸಿದ.

"ಆ ಕಾಲುವಿ ಲಸ್ಕರ್ ನನಗ ಗುರ್ತಿಲ್ರಿ. ಮಂದೀನೂ ಗುರ್ತಿಲ್ಲ. ನೀವು ಮೊದ್ಲು ಅಲ್ಲಿಗೆ ಹೋಗಿ ನಾಕು ದಿನ ಸುಮ್ಮನ ಕುಂದ್ರಿ. ತೂಬು ಎತ್ತಾವ ಯಾರ ಮಾತು ಕೇಳ್ತಾನ, ನೋಡ್ರಿ."

"ನೋಡಿ?"

"ಆಮ್ಯಾಲ ನನಗ ಗೊತ್ತಿಲ್ರಿ" ಎಂದ ಗವಿಸಿದ್ದಪ್ಪ. ಕಂಪ್ಲಿ ಬಸ್ಸಿನ ಹೊತ್ತಾಗಿತ್ತು. ಅವತ್ತು ಶನಿವಾರ, ಸಂಜೆ ಹಲಗೆ ಇಳಿಸಬೇಕಿತ್ತು.